ರಾತ್ರಿ ರಾಜಕಾಲುವೆ ಉಕ್ಕಿದರೆ ಯಾವ ಕೆಲಸ ಯಾರದು? ಐದು ಪಾಲಿಕೆ ಆದ ಮೇಲೆ ಬಡಾವಣೆ ಮಟ್ಟದ ತಯಾರಿ ಹೇಗೆ?

ತಗ್ಗಿನ_ಲೇಔಟು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವರ್ತುಲ ರಸ್ತೆ ಪಕ್ಕ, ಕೆರೆ ಕೋಡಿಯ ಕೆಳಗಿರುವ ಲೇಔಟು ನಮ್ಮದು. 400 ಚಿಲ್ಲರೆ ಮನೆ, ಮೂರು ಅಪಾರ್ಟ್‌ಮೆಂಟು, ಬೆನ್ನಿಗೆ ರಾಜಕಾಲುವೆ, ಅಂದ್ರೆ ಮಳೆನೀರಿನ ದೊಡ್ಡ ಕಾಲುವೆ. ಮುಂಗಾರು ಹಿಡಿಯುವ ಮುಂಚೆ ಸಂಘದಿಂದ ಒಂದೇ ಹಾಳೆಯ ತುರ್ತು ಯೋಜನೆ ಬರೆದಿಡಬೇಕು ಅಂತ ತೀರ್ಮಾನ ಆಗಿದೆ. ಬರೆಯೋಕೆ ಕೂತರೆ ಮೊದಲನೇ ಸಾಲಲ್ಲೇ ತೊಡಕು. ರಾತ್ರಿ ಎರಡು ಗಂಟೆಗೆ ನೀರು ನುಗ್ಗಿದರೆ ಹೊಣೆ ಯಾರದು? ಪಾಲಿಕೆ, ಡಿಸಿ ಕಚೇರಿ, ಅಗ್ನಿಶಾಮಕ, ಕರೆಂಟಿನ ಬೆಸ್ಕಾಂ, ಜಲಮಂಡಳಿ, ಟ್ರಾಫಿಕ್ ಪೊಲೀಸ್ ಅಂತ ಹಾಳೆ ತುಂಬ ನಂಬರ್ ಬಂತು, ಯೋಜನೆ ಮಾತ್ರ ಆಗಲಿಲ್ಲ. ಮೇಲಾಗಿ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ನಮ್ಮ ಕಾಲುವೆಯ ಮೇಲ್ಭಾಗ ಒಂದು ಪಾಲಿಕೆಗೆ, ಕೆಳಭಾಗ ಇನ್ನೊಂದಕ್ಕೆ ಸೇರಿದೆ.

ಕಾನೂನಿನಲ್ಲಿ ಯಾರು ಮುಖ್ಯಸ್ಥರು, ಯಾವ ಕ್ರಮದಲ್ಲಿ ಯಾರಿಗೆ ಹೇಳಬೇಕು, ಬೇಸ್‌ಮೆಂಟ್‌ಗೆ ಎಷ್ಟು ಎಚ್‌ಪಿ ಪಂಪ್ ಇಟ್ಟುಕೊಳ್ಳಬೇಕು, ಇಷ್ಟು ಗೊತ್ತಿರುವವರು ತಿಳಿಸಿ.

ಕಡತ_ಕಟ್ಟು:

ಚೌಕಟ್ಟು ಮೊದಲು ಹೇಳ್ತೀನಿ. ಅದು ಗೊತ್ತಿಲ್ಲದೆ ಅರ್ಜಿ ಕೊಟ್ಟರೆ ಅದು ಟೇಬಲ್‌ನಿಂದ ಟೇಬಲ್‌ಗೆ ಓಡಾಡ್ತಾ ಇರುತ್ತೆ, ಅಷ್ಟೇ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ. ಪಾಲಿಕೆಗೆ ಸಿಕ್ಕಿದ್ದು 41ನೇ ಸೆಕ್ಷನ್ ಮಾತ್ರ: ಸಿಬ್ಬಂದಿಗೆ ತರಬೇತಿ ಕೊಡಿ, ಸಲಕರಣೆ ಸಿದ್ಧವಿಡಿ, ಪರಿಹಾರ ಕೆಲಸ ಮಾಡಿ. ಊರಿನ ಚರಂಡಿ, ರಸ್ತೆ, ಜೆಸಿಬಿ ಎಲ್ಲಾ ಪಾಲಿಕೆ ಕೈಯಲ್ಲಿ. ಆದೇಶ ಹೊರಡಿಸುವ ಅಧಿಕಾರ ಡಿಸಿ ಕೈಯಲ್ಲಿ. ದೊಡ್ಡ ನಗರಗಳಲ್ಲಿ ಎಡವಟ್ಟು ಶುರುವಾಗೋದೇ ಇಲ್ಲಿ.

2025ರ ತಿದ್ದುಪಡಿ ಇದನ್ನು ಸ್ವಲ್ಪ ಸರಿಮಾಡಿದೆ. ಹೊಸದಾಗಿ ಸೇರಿದ 41ಎ ಪ್ರಕಾರ ರಾಜಧಾನಿಗಳಿಗೂ ನಗರಪಾಲಿಕೆ ಇರುವ ಊರುಗಳಿಗೂ ಸರ್ಕಾರ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಬಹುದು. ಪಾಲಿಕೆ ಆಯುಕ್ತರು ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು. ಆದರೆ ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು ಊರಿಗೊಬ್ಬ ಆಯುಕ್ತ. ಇಲ್ಲಿ 2025ರ ಸೆಪ್ಟೆಂಬರ್ 2ರಿಂದ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ, ಐದು ಆಯುಕ್ತರು, ತಲೆಯ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ನೀರಿಗೆ ಈ ಗಡಿಗಳೆಲ್ಲ ಗೊತ್ತಿಲ್ಲ. ಕೋರಮಂಗಲ ಕಣಿವೆಯನ್ನೇ ತಗೊಳ್ಳಿ: ಮೆಜೆಸ್ಟಿಕ್ ಕಡೆ ಬಿದ್ದ ಮಳೆ ಶಾಂತಿನಗರ ದಾಟಿ, ಬೆಳ್ಳಂದೂರು, ವರ್ತೂರು ಕೆರೆ ಹೊಕ್ಕು ದಕ್ಷಿಣ ಪಿನಾಕಿನಿ ಸೇರುತ್ತೆ. ಹಾಗಾಗಿ ನಿಮ್ಮ ಪಾಲಿಕೆಗೆ ಮಾತ್ರ ಅರ್ಜಿ ಕೊಟ್ಟರೆ ಸಾಲದು. ಕಾಲುವೆಯ ಮೇಲ್ಭಾಗದ ಪಾಲಿಕೆಯ ಮಳೆನೀರು ಕಾಲುವೆ ವಿಭಾಗಕ್ಕೂ ಪ್ರತಿ ಹೋಗಲಿ.

ಡಿಸಿ ಕಚೇರಿಯನ್ನು ಬಿಡಬೇಡಿ. ಪಾಲಿಕೆ ಎಂಜಿನಿಯರ್ ಗಾಡಿ ತರಿಸೋದು ಟೆಂಡರ್ ಆದ ಗುತ್ತಿಗೆದಾರನಿಂದ. ಖಾಸಗಿಯವರ ಟ್ರ್ಯಾಕ್ಟರ್, ಜೆಸಿಬಿ, ಕಲ್ಯಾಣ ಮಂಟಪ ತಾತ್ಕಾಲಿಕವಾಗಿ ವಶಕ್ಕೆ ತಗೊಳ್ಳುವ ಅಧಿಕಾರ 65ನೇ ಸೆಕ್ಷನ್‌ನಲ್ಲಿ ಜಿಲ್ಲಾ ಪ್ರಾಧಿಕಾರಕ್ಕಿದೆ. ಟೆಂಡರ್ ಇಲ್ಲದೆ ತುರ್ತು ಖರೀದಿಗೆ 50ನೇ ಸೆಕ್ಷನ್ ಇದೆ.

ಇನ್ನು ಸ್ಥಳದಲ್ಲಿ ಯಾರ ಮಾತು ನಡೆಯಬೇಕು? ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಕೊಟ್ಟ ಘಟನಾ ಸ್ಪಂದನ ವ್ಯವಸ್ಥೆಯ ಮಾರ್ಗಸೂಚಿಯಲ್ಲಿ ಉತ್ತರ ಇದೆ. ಘಟನೆಗೆ ಒಬ್ಬ ಇನ್ಸಿಡೆಂಟ್ ಕಮಾಂಡರ್, ಅವರ ಕೆಳಗೆ ಕಾರ್ಯಾಚರಣೆ, ಯೋಜನೆ, ಸಾಮಗ್ರಿ ಅಂತ ಮೂರು ವಿಭಾಗ. ಇಲಾಖೆ ಯಾವುದೇ ಇರಲಿ, ಆ ಹೊತ್ತಿಗೆ ಆ ಒಬ್ಬರ ಮಾತೇ ಅಂತಿಮ. ಅರ್ಜಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ನಮ್ಮ ವಾರ್ಡಿಗೆ ಮಳೆಗಾಲದಲ್ಲಿ ನೋಡಲ್ ಅಧಿಕಾರಿ ಯಾರು, ರಾತ್ರಿ ಪಾಳಿಯಲ್ಲಿ ಅವರ ಬದಲಿ ಯಾರು? ಆದೇಶದ ಪ್ರತಿ ಕೊಡಿ." ಹಗಲಿನ ಹೆಸರು ಎಲ್ಲರೂ ಕೊಡ್ತಾರೆ. ಬದಲಿಯ ಹೆಸರು ಬರೋವರೆಗೆ ಬೆನ್ನು ಬಿಡಬೇಡಿ.

ಪಾಳಿ_ರಿಜಿಸ್ಟರ್:

ಮೇಲಿನವರು ಹೇಳಿದ್ದು ಸರಿ. ಆದರೆ ರಾತ್ರಿ ಎರಡು ಗಂಟೆಗೆ ಸೆಕ್ಷನ್ ಉಪಯೋಗಕ್ಕೆ ಬರಲ್ಲ, ಕ್ರಮ ಬರುತ್ತೆ. ಯಾರಿಗೆ ಫೋನ್ ಅನ್ನೋದಕ್ಕಿಂತ, ಯಾರ ಕೆಲಸ ಮುಗಿಯದೆ ಯಾರ ಕೆಲಸ ಶುರುವಾಗಲ್ಲ ಅನ್ನೋದನ್ನ ಹಾಳೆಯಲ್ಲಿ ಬರೀರಿ.

ನಿಂತ ನೀರಿನ ನೆರೆಯಲ್ಲಿ ಎಲ್ಲ ಕೆಲಸವೂ ಕಾಯೋದು ಕರೆಂಟಿಗೆ. ಲೈನ್ ಆಫ್ ಆಗಿದೆ ಅಂತ ಖಾತ್ರಿ ಆಗದೆ ಅಗ್ನಿಶಾಮಕದವರು ನೀರಿಗಿಳಿಯಲ್ಲ, ಇಳಿಯಲೂಬಾರದು. ಆದ್ದರಿಂದ ಯಾರೂ ಸಿಕ್ಕಿಹಾಕಿಕೊಂಡಿಲ್ಲ ಅಂದ್ರೆ ಮೊದಲ ಕರೆ ಬೆಸ್ಕಾಂನ 1912ಕ್ಕೆ. "ನಮ್ಮ ಏರಿಯಾದಲ್ಲಿ ನೀರು" ಅಂದ್ರೆ ಆ ಕಡೆಯವರಿಗೆ ಏನೂ ತಿಳಿಯಲ್ಲ. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರುವ ನಂಬರ್, ಅದಕ್ಕೆ ಕರೆಂಟ್ ತರುವ ಲೈನಿನ (ಫೀಡರ್) ಹೆಸರು ಹೇಳಿ. ಎರಡನ್ನೂ ಇವತ್ತೇ ನೋಡಿ ಹಾಳೆಗೆ ಹಾಕಿ. ಆಫ್ ಆದ ಮೇಲೆ ಯಾರು ಆಫ್ ಮಾಡಿದ್ದು, ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಿ.

ಇಲ್ಲೊಂದು ಗುಂಡಿ ಇದೆ, ಬೀಳೋರು ಜಾಸ್ತಿ. ಬೆಸ್ಕಾಂ ಲೈನ್ ಹೋದ ತಕ್ಷಣ ಅಪಾರ್ಟ್‌ಮೆಂಟಿನ ಜನರೇಟರ್ ತಾನೇ ಹತ್ತಿಕೊಳ್ಳುತ್ತೆ. ಬೀದಿಯೆಲ್ಲ ಕತ್ತಲು, ಬೇಸ್‌ಮೆಂಟಿನ ಪ್ಯಾನೆಲ್‌ನಲ್ಲಿ ಮಾತ್ರ 415 ವೋಲ್ಟ್ ಜೀವಂತ. ಮನೆಗಳ ಯುಪಿಎಸ್, ಬ್ಯಾಟರಿ ಇರುವ ಸೋಲಾರ್ ಕೂಡ ಹಾಗೇ. ಜನರೇಟರಿನ ಆಟೋ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ಹಾಕೋದು ಯಾರು ಅನ್ನೋದು ಹಾಳೆಯಲ್ಲಿ ಹೆಸರಿನ ಸಮೇತ ಇರಬೇಕು. ಸೆಕ್ಯುರಿಟಿಯವರಿಗೆ ಹೇಳಿದ್ದೀವಿ ಅನ್ನೋದು ಉತ್ತರ ಅಲ್ಲ, ಅವರು ತಿಂಗಳಿಗೊಮ್ಮೆ ಬದಲಾಗ್ತಾರೆ.

ಜೀವಕ್ಕೆ ಅಪಾಯ ಇದ್ರೆ ಬೇರೆ ಯೋಚನೆ ಬೇಡ, 112. ಪೊಲೀಸ್, ಅಗ್ನಿಶಾಮಕ ಎರಡೂ ಅಲ್ಲಿಂದಲೇ ಹೊರಡುತ್ತೆ, ಹತ್ತಿರದ ಹೊಯ್ಸಳ (ಪೊಲೀಸ್ ಗಸ್ತು ಗಾಡಿ) ಬರುತ್ತೆ. ಆಂಬುಲೆನ್ಸ್‌ಗೆ 108. ಆದರೆ ಆಂಬುಲೆನ್ಸ್ ನೀರಿನೊಳಗೆ ಬರಲ್ಲ, ಸೈಲೆನ್ಸರ್ ಮುಳುಗಿದರೆ ಅದೂ ಕೆಟ್ಟು ನಿಲ್ಲುತ್ತೆ. ರೋಗಿಯನ್ನು ಎಲ್ಲಿವರೆಗೆ ನೀವು ತರ್ತೀರಿ, ಅವರು ಎಲ್ಲಿ ಕಾಯ್ತಾರೆ ಅನ್ನೋ ಒಣ ಜಾಗ ಮೊದಲೇ ಗೊತ್ತುಮಾಡಿ. ಆಮೇಲೆ ಪಾಲಿಕೆಯ 1533, ಮ್ಯಾನ್‌ಹೋಲ್‌ನಿಂದ ಕೊಳಚೆ ವಾಪಸ್ ಬರ್ತಿದ್ದರೆ ಜಲಮಂಡಳಿಯ 1916.

ಒಂದು ಇಲಾಖೆಗೆ ಒಬ್ಬರೇ ಕರೆ ಮಾಡಿ. 40 ಜನ ಕರೆ ಮಾಡಿದರೆ 40 ದೂರು ಸಂಖ್ಯೆ ಹುಟ್ಟುತ್ತೆ, ಕಂಟ್ರೋಲ್ ರೂಮಿನಲ್ಲಿ ಅದು ಒಂದೇ ಜಾಗ ಅಂತ ಹೊಂದಿಸೋಕೆ ಅರ್ಧ ಗಂಟೆ ಹೋಗುತ್ತೆ. ಹೇಳಬೇಕಾದ್ದು ಇಷ್ಟು: ಜಾಗದ ಗುರುತು, ನೀರು ಪಾದಕ್ಕೋ ಮೊಣಕಾಲಿಗೋ ಸೊಂಟಕ್ಕೋ, ಏರ್ತಿದೆಯೋ ನಿಂತಿದೆಯೋ, ನಡೆಯಲಾಗದವರು ಎಷ್ಟು ಜನ, ಆಕ್ಸಿಜನ್ ಅಥವಾ ಡಯಾಲಿಸಿಸ್ ಮೇಲಿರುವವರು ಯಾರು, ಯಾವ ಕಡೆಯಿಂದ ಗಾಡಿ ಬರಬಹುದು. ಏರ್ತಿದೆಯೋ ಇಲ್ಲವೋ ತಿಳಿಯೋಕೆ ಕಾಲುವೆ ಗೋಡೆಗೆ ಅರ್ಧ ಅಡಿಗೊಂದರಂತೆ ಬಣ್ಣದ ಗೆರೆ ಎಳೆಸಿ, ಹತ್ತು ನಿಮಿಷಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡಿ.

ಮುನ್ಸೂಚನೆ ಬಗ್ಗೆ ಒಂದು ಮಾತು. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ. ಬೆಂಗಳೂರಿಗೆ ಆ ಲೆಕ್ಕ ಸಾಲಲ್ಲ. ಇಲ್ಲಿ ಒಂದೇ ಗಂಟೆಗೆ 40-50 ಮಿ.ಮೀ. ಸುರಿದರೂ ತಗ್ಗಿನ ಲೇಔಟು ಮುಳುಗಬಹುದು. ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೇಘಸಂದೇಶ ಆ್ಯಪ್‌ನಲ್ಲಿ ಮಳೆಮಾಪಕಗಳ ಅಂಕಿ ಸಿಗುತ್ತೆ. ನಿಮ್ಮ ವಾರ್ಡಿಗಿಂತ ಕಾಲುವೆಯ ಮೇಲ್ಭಾಗದ ವಾರ್ಡಿನ ಅಂಕಿ ನೋಡಿ, ನಿಮ್ಮ ಕಡೆ ಬರೋದು ಆ ನೀರು.

ಮೋಟಾರು_ಮೇಷ್ಟ್ರು:

ಪಂಪಿನ ಲೆಕ್ಕ ನಾನು ಹೇಳ್ತೀನಿ, ಆದರೆ ಮೊದಲು ಒಂದು ಭ್ರಮೆ ಬಿಡಿಸಬೇಕು. ಒಂದು ಚದರ ಕಿ.ಮೀ. ಮೇಲೆ 50 ಮಿ.ಮೀ. ಮಳೆ ಬಿದ್ದರೆ 5 ಕೋಟಿ ಲೀಟರ್. 10 ಎಚ್‌ಪಿ ಪಂಪ್ ಗಂಟೆಗೆ ಎತ್ತೋದು ಅಬ್ಬಬ್ಬಾ ಅಂದ್ರೆ ಒಂದು ಲಕ್ಷದ ಮೇಲೆ ಸ್ವಲ್ಪ. ಪಂಪಿಟ್ಟು ರಸ್ತೆ ಒಣಗಿಸೋದು ಆಗದ ಮಾತು. ಸುರಿಯುವ ಹೊತ್ತಲ್ಲಿ ಜೆಸಿಬಿ ಬಂದ್ರೆ ಅದನ್ನು ಮೋರಿಯ ಬಾಯಿಗೆ ಕಳಿಸಿ. ಪ್ಲಾಸ್ಟಿಕ್, ಥರ್ಮಾಕೋಲ್, ಹಳೇ ಹಾಸಿಗೆ ಬಂದು ಕೂರೋದು ಅಲ್ಲೇ, ಸೇತುವೆಯಡಿಯ ಕೇಬಲ್ ಪೈಪಿಗೆ ಸಿಕ್ಕಿಕೊಂಡು. ಆ ಮೋರಿ ಎಲ್ಲಿದೆ, ಜೆಸಿಬಿ ನಿಲ್ಲೋಕೆ ಜಾಗ ಇದೆಯಾ ಅಂತ ಈಗಲೇ ನೋಡಿಟ್ಟುಕೊಳ್ಳಿ.

ಪಂಪು ಬೇಕಾಗೋದು ಮಳೆ ನಿಂತ ಮೇಲೆ, ಬೇಸ್‌ಮೆಂಟಿಗೆ. 40 ಮೀಟರ್ ಉದ್ದ, 30 ಮೀಟರ್ ಅಗಲ, ಒಂದೂವರೆ ಮೀಟರ್ ನೀರು ಅಂದ್ರೆ 18 ಲಕ್ಷ ಲೀಟರ್. 5 ಎಚ್‌ಪಿ ಪಂಪ್ ಇಂಥ ಎತ್ತರಕ್ಕೆ ನಿಮಿಷಕ್ಕೆ ಸುಮಾರು 1,000 ಲೀಟರ್ ಕೊಡುತ್ತೆ ಅಂತ ಇಟ್ಟುಕೊಂಡರೂ 30 ಗಂಟೆ. ಎರಡು ಇಟ್ಟರೆ 15.

ಬರೀ ಎಚ್‌ಪಿ ನೋಡಿ ತಗೋಬೇಡಿ. ಮೇಲಿಟ್ಟು ಹೀರುವ ಪಂಪು ಕಾಗದದ ಮೇಲೆ ಎಷ್ಟೇ ಬಲದ್ದಾದರೂ 7 ಮೀಟರಿಗಿಂತ ಆಳದಿಂದ ಹೀರೋದು ಕಷ್ಟ. ಎರಡು ಅಂತಸ್ತಿನ ಬೇಸ್‌ಮೆಂಟಾದರೆ ಕೆಸರು ನೀರಿಗೆ ಆಗುವ ಸಬ್‌ಮರ್ಸಿಬಲ್ ಬೇಕು. ಬೋರ್‌ವೆಲ್ಲಿನದು ಹಾಕಿದರೆ ಮಣ್ಣಿಗೆ ಇಂಪೆಲ್ಲರ್ ಸವೆದು ಕೂರುತ್ತೆ. ಹೀರುವ ಬಾಯಿಗೆ ಜಾಲರಿ ಬುಟ್ಟಿ ಕಟ್ಟಿ. ಡೀಸೆಲ್, ಪೆಟ್ರೋಲ್ ಪಂಪನ್ನು ಯಾವ ಕಾರಣಕ್ಕೂ ಬೇಸ್‌ಮೆಂಟಿನೊಳಗೆ ಇಳಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಕುಸಿದವನನ್ನು ಎತ್ತೋಕೆ ಇಳಿದವನೂ ಕುಸೀತಾನೆ. ಇನ್ನು ಡೆಲಿವರಿ ಪೈಪು. ಎಷ್ಟೋ ಕಡೆ ಗೇಟಿನ ಮುಂದಿನ ಚರಂಡಿಗೇ ಬಿಟ್ಟಿರ್ತಾರೆ, ಅದು ರ‍್ಯಾಂಪಿನಲ್ಲಿ ಸುತ್ತಿ ಮತ್ತೆ ಒಳಗೇ ಬರುತ್ತೆ. ಇಳಿಜಾರಿನ ಆಚೆ ಬದಿಗೆ ಮುಟ್ಟುವಷ್ಟು ಹೋಸು ಇರಲಿ.

ಗಡಿಬಿಡಿಯಲ್ಲಿ ಪೂರ್ತಿ ಖಾಲಿ ಮಾಡೋಕೂ ಹೋಗಬೇಡಿ. ಹೊರಗಿನ ಮಣ್ಣು ನೀರು ಕುಡಿದು ಗೋಡೆಯನ್ನು ಒತ್ತುತ್ತಿರುತ್ತೆ; ಒಳಗಿನ ನೀರೇ ಆ ಹೊತ್ತಿಗೆ ಗೋಡೆಗೆ ಆಸರೆ. ಹೊರಗೆ ನೀರು ಇಳಿದ ಮೇಲೆ ಶುರುಮಾಡಿ, ಒಂದು ಅಡಿ ಇಳಿಸಿ, ಗೋಡೆಗೆ ಗುರುತು ಹಾಕಿ ನಿಲ್ಲಿಸಿ. ಗುರುತಿನ ಮೇಲೆ ಮತ್ತೆ ಏರಿದರೆ ಹೊರಗಿನ ಒತ್ತಡ ಇನ್ನೂ ಇಳಿದಿಲ್ಲ ಅಂತ.

ಮರಳು ಚೀಲ 20 ಸಾಕು ಅನ್ನೋದು ಎಲ್ಲರ ಅಂದಾಜು. 10 ಅಡಿ ಗೇಟಿಗೆ ಒಂದು ಅಡಿ ಎತ್ತರ ಕಟ್ಟೋಕೆ 80 ಬೇಕು, ಎರಡು ಅಡಿಗೆ ಹತ್ತಿರ ಹತ್ತಿರ 200, ಯಾಕಂದ್ರೆ ಎತ್ತರ ಹೆಚ್ಚಿದಂತೆ ಬುಡ ಅಗಲ ಆಗಬೇಕು. ಚೀಲ ಅರ್ಧ ಮಾತ್ರ ತುಂಬಿ, ಬಾಯಿ ಮಡಚಿ ಅಡಿಗೆ ಹಾಕಿ, ತುಳಿದು ಕೂರಿಸಿ, ನೀರು ಬರುವ ಕಡೆ ಪ್ಲಾಸ್ಟಿಕ್ ಶೀಟ್ ಹೊದಿಸಿ. ಗಟ್ಟಿಯಾಗಿ ತುಂಬಿದ ಚೀಲ ಒಂದಕ್ಕೊಂದು ಕೂರಲ್ಲ, ಸಂದಿಯಲ್ಲಿ ನೀರು ಪಿಚಕಾರಿ ಹೊಡೆಯುತ್ತೆ. ಗೇಟಿನ ಎರಡೂ ಕಂಬಕ್ಕೆ ಚಾನೆಲ್ ಹೊಡೆಸಿ, ಹಲಗೆ ಇಳಿಬಿಡುವ ಹಾಗೆ ಮಾಡಿಸಿಕೊಂಡರೆ ಈ ರಗಳೆಯೇ ಬೇಡ.

ತಗ್ಗಿನ_ಲೇಔಟು:

ಮೂವರಿಗೂ ಧನ್ಯವಾದ. ಜನರೇಟರ್ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಇನ್ನೊಂದು ಕೇಳ್ತೀನಿ: ನೆಲಮಹಡಿ ಮನೆಯವರನ್ನು ಪಕ್ಕದ ಕಲ್ಯಾಣ ಮಂಟಪಕ್ಕೆ ಕರೆದೊಯ್ಯುವ ಯೋಚನೆ ಇದೆ. ಎಷ್ಟು ಜನ ಹಿಡೀತಾರೆ? ಪರಿಹಾರದ ಹಣಕ್ಕೆ ಏನೇನು ದಾಖಲೆ ಇಟ್ಟುಕೊಳ್ಳಬೇಕು?

ಮಹಜರು:

ಮಂಟಪದ ಲೆಕ್ಕ ಸುಲಭ. ರಾಷ್ಟ್ರೀಯ ಪ್ರಾಧಿಕಾರದ ಕನಿಷ್ಠ ಮಾನದಂಡದಲ್ಲಿ ತಲೆಗೆ ಮೂರೂವರೆ ಚದರ ಮೀಟರ್, ಅಂದರೆ 38 ಚದರಡಿ. 3,800 ಚದರಡಿ ಹಾಲ್ ಆದರೆ 100 ಜನ. 30 ಜನಕ್ಕೊಂದು ಶೌಚಾಲಯ, ಕುಡಿಯೋಕೆ ತಲೆಗೆ ದಿನಕ್ಕೆ 3 ಲೀಟರ್. ಮಂಟಪ ಸಿಗೋದು ಕಷ್ಟವಲ್ಲ. ರಾತ್ರಿ ಬೀಗದ ಕೈ ಯಾರ ಹತ್ತಿರ, ಅವತ್ತು ಮದುವೆ ಇದ್ದರೆ ಎಲ್ಲಿಗೆ ಅನ್ನೋದೇ ಪ್ರಶ್ನೆ. ಹಾಗಾಗಿ ಸರ್ಕಾರಿ ಶಾಲೆಯೊಂದನ್ನು ಎರಡನೇ ಜಾಗವಾಗಿ ಬರೆದಿಡಿ. ಎರಡಕ್ಕೂ ತಹಶೀಲ್ದಾರರ ಕಚೇರಿಗೆ ಮೊದಲೇ ಪತ್ರ ಕೊಟ್ಟಿದ್ದರೆ ಊಟದ ಖರ್ಚಿಗೂ ದಾರಿ ಆಗುತ್ತೆ; ಅಧಿಕೃತ ಕಾಳಜಿ ಕೇಂದ್ರ (ಸರ್ಕಾರದ ಪರಿಹಾರ ಶಿಬಿರ) ಅಂತ ದಾಖಲಾಗದ ಕಡೆ ಬಿಲ್ ಪಾಸಾಗಲ್ಲ. ಕುಡಿಯುವ ನೀರಿಗೆ ಟ್ಯಾಂಕರ್ ನಂಬಿ ಕೂರಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಹೊರವರ್ತುಲ ರಸ್ತೆ ಮುಳುಗಿದ್ದಾಗಲೇ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪಿಂಗ್ ಸ್ಟೇಷನ್‌ಗೆ ನೀರು ನುಗ್ಗಿ ಕಾವೇರಿ ಪೂರೈಕೆಯೂ ನಿಂತಿತ್ತು. ಕ್ಯಾನ್ ದಾಸ್ತಾನು ಇರಲಿ.

ಪರಿಹಾರಕ್ಕೆ ಬರುವವರು ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತಾಧಿಕಾರಿ, ಪಾಲಿಕೆ ಸಿಬ್ಬಂದಿ. ಅವರು ಬರುವ ಹೊತ್ತಿಗೆ ಮನೆ ತೊಳೆದು ಒಣಗಿಸಿರ್ತೀರಿ, "ಎಲ್ಲಿ ನೀರು ನುಗ್ಗಿತ್ತು" ಅಂತ ಕೇಳ್ತಾರೆ. ತೊಳೆಯುವ ಮುಂಚೆ ಗೋಡೆಯ ಕೆಸರಿನ ಗೆರೆ, ಮನೆ ನಂಬರ್ ಎರಡೂ ಒಂದೇ ಚಿತ್ರದಲ್ಲಿ ಬರುವ ಹಾಗೆ ಫೋಟೋ ತೆಗೀರಿ. ಆಧಾರ್, ಪಾಸ್‌ಬುಕ್ ನಕಲು, ಬಾಡಿಗೆಯವರಾದರೆ ಕರಾರು ಪತ್ರ ಜೊತೆಗಿರಲಿ. ಪರಿಹಾರ ಅಲ್ಲಿ ವಾಸವಿದ್ದವರಿಗೆ, ಮಾಲೀಕರು ಗಲಾಟೆ ಮಾಡದ ಹಾಗೆ ಮೊದಲೇ ಮಾತಾಡಿಕೊಳ್ಳಿ. ಸಾವು ಸಂಭವಿಸಿದ್ದರೆ ವಿಪತ್ತು ನಿಧಿಯ ಮಾನದಂಡದಂತೆ 4 ಲಕ್ಷ ರೂಪಾಯಿ. ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ ಇಲ್ಲದೆ ಕಡತ ಮುಂದಕ್ಕೆ ಹೋಗಲ್ಲ. ಕಾರು, ಬೈಕಿಗೆ ಈ ನಿಧಿಯಲ್ಲಿ ಏನೂ ಇಲ್ಲ, ಅದು ವಿಮೆಯವರ ಪಾಲು. ನೀರಲ್ಲಿ ನಿಂತಿದ್ದ ಗಾಡಿಯನ್ನು ಒಮ್ಮೆಯೂ ಸ್ಟಾರ್ಟ್ ಮಾಡಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ತಕರಾರು ತೆಗೀತಾರೆ.

ಪಾಳಿ_ರಿಜಿಸ್ಟರ್:

ಸಂಪ್ ಮರೆತಿರಿ ಎಲ್ಲರೂ. ನೆರೆ ನೀರು ಹೊಕ್ಕ ಸಂಪಿನ ನೀರನ್ನು ಸೋಸಿ ಕುಡಿಯೋದು ಬೇಡ. ಖಾಲಿ ಮಾಡಿ, ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಮೇಲೊಬ್ಬರು ಹಗ್ಗ ಹಿಡಿದು ನಿಂತ ಮೇಲೇ ಇಳಿದು ಉಜ್ಜಿ. ಆಮೇಲೆ ತುಂಬಿಸಿ, 10,000 ಲೀಟರಿಗೆ ಒಂದೂವರೆ ಕಿಲೋ ಬ್ಲೀಚಿಂಗ್ ಪೌಡರ್, ಶೇ 33 ಕ್ಲೋರಿನ್ ಇರುವುದು, ಬಕೆಟ್‌ನಲ್ಲಿ ಕದಡಿ ತಿಳಿ ಮಾತ್ರ ಸುರಿದು, ಒಂದು ದಿನ ಬಿಟ್ಟು ಆ ನೀರನ್ನು ಚೆಲ್ಲಿ. ಹಳೇ ಪೌಡರ್ ಗಾಳಿಗೆ ಸತ್ವ ಕಳೆದುಕೊಂಡಿರುತ್ತೆ, ಮಳೆಗಾಲದ ಮುಂಚೆ ಹೊಸ ಚೀಲ ತರಿಸಿ. ಪ್ಯಾನೆಲ್ ಒಣಗದೆ ಲೈನ್ ಚಾರ್ಜ್ ಮಾಡಿ ಅಂತ 1912ಕ್ಕೆ ಹೇಳಬೇಡಿ; ಮೆಗ್ಗರ್ (ವೈರಿನಿಂದ ಕರೆಂಟ್ ಸೋರುತ್ತಾ ಅಂತ ನೋಡುವ ಮೀಟರ್) ಹಿಡಿದು ನೋಡಿದ ಎಲೆಕ್ಟ್ರಿಷಿಯನ್ ಸಹಿ ಸಿಕ್ಕ ಮೇಲೆ ಹೇಳಿ.