ದಾಳಿಂಬೆ ಗಿಡದ ಚಾಟ್ನಿ (ಕೊಂಬೆ ಕತ್ತರಿಸುವುದು) ಮಾಡಿ ಮೊಣಕೈ ಹೋಯ್ತು, ಉಳುಕು ತೆಗೆಸಲಾ?

ತೋಟದಮನೆ, ಹಿರಿಯೂರು:
ಈ ಸಲ ಆಳು ಸಿಗಲಿಲ್ಲ. ಎಂಟು ದಿನ ನಾನೇ ಚಾಟ್ನಿ ಮಾಡಿದೆ, ಬೆಳಗಿನಿಂದ ಸಂಜೆವರೆಗೆ ಕತ್ತರಿ ಕೆಳಗಿಟ್ಟಿಲ್ಲ. ಈಗ ಬಲ ಮೊಣಕೈ ಹೊರಗಡೆ ಮೂಳೆಯ ಗಂಟು ಇದೆಯಲ್ಲ, ಅಲ್ಲಿ ಮುಟ್ಟಿದರೆ ಜೀವ ಹೋಗುತ್ತದೆ. ತುಂಬಿದ ಚೊಂಬು ಎತ್ತಲೂ ಆಗುತ್ತಿಲ್ಲ. ಡಾಕ್ಟರು ಟೆನಿಸ್ ಎಲ್ಬೋ ಅಂದರು, ನಾನು ಟೆನಿಸ್ ಬ್ಯಾಟು ಮುಟ್ಟಿದವನೇ ಅಲ್ಲ! ಉಳುಕು ತೆಗೆಸು ಅಂತ ಮನೆಯವರು ಗಂಟು ಬಿದ್ದಿದ್ದಾರೆ.

ಫಿಸಿಯೋ, ದಾವಣಗೆರೆ:
ಬೇಡ ಅಣ್ಣ, ಎಳೆಸಬೇಡಿ. ಇದು ಉಳುಕಲ್ಲ. ಮುಂಗೈ ಹಿಂಭಾಗದಲ್ಲಿ ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್ ಅಂತ ಒಂದು ಸ್ನಾಯು ಇದೆ. ಅದರ ಬುಡ ನೀವು ಹೇಳಿದ ಆ ಗಂಟಿನಲ್ಲೇ ಇದೆ, ತುದಿ ಮಣಿಕಟ್ಟು ದಾಟಿ ನಡುಬೆರಳಿನ ಹಿಂದಿರುವ ಹಸ್ತದ ಮೂಳೆಗೆ ಅಂಟಿದೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವುದು ಇದರ ಕೆಲಸ. ಕತ್ತರಿ ಹಿಸುಕುವುದು ಬೇರೆ ಸ್ನಾಯುಗಳಲ್ವಾ, ಇದಕ್ಯಾಕೆ ನೋವು ಅಂತೀರಾ? ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ ಮುಷ್ಟಿ ಬಿಗಿಯಿರಿ ನೋಡೋಣ, ಬಲವೇ ಬರಲ್ಲ. ಹಾಗೆ ಬಾಗದಂತೆ ಹಿಡಿದು ನಿಲ್ಲಿಸುವುದು ಇದೇ, ಅಂದರೆ ನೀವು ಒಂದೊಂದು ಕಡ್ಡಿ ಕತ್ತರಿಸಿದಾಗಲೂ ಇದರ ಬುಡ ಜಗ್ಗಿದೆ. ಅಲ್ಲಿನ ಎಳೆಗಳು ಸವೆದಿರುತ್ತವೆ, ಬರೀ ಊತ ಅಲ್ಲ, ಅದಕ್ಕೇ ಮಾತ್ರೆ ನುಂಗಿದ ತಕ್ಷಣ ಹೋಗಲ್ಲ.

ಕೈ ನೀಟ ಚಾಚಿ, ಅಂಗೈ ಕೆಳಗೆ ಮಾಡಿ ನಡುಬೆರಳು ಎತ್ತಿ. ಮನೆಯವರು ಅದನ್ನು ಕೆಳಕ್ಕೆ ಒತ್ತಲಿ. ಅದೇ ಜಾಗ ನೊಂದರೆ ಬಹುತೇಕ ಇದೇ. ಬೆರಳು ಜೋಮು ಹಿಡಿಯುತ್ತಿದ್ದರೆ, ಮಣಿಕಟ್ಟು ಎತ್ತಲು ಶಕ್ತಿಯೇ ಇಲ್ಲದಿದ್ದರೆ ಮಾತ್ರ ನರದ ತೊಂದರೆ ಇರಬಹುದು, ಮತ್ತೆ ಡಾಕ್ಟರಿಗೆ ತೋರಿಸಿ.

ಹೊಲಿಗೆಯವಳು, ಚಿತ್ರದುರ್ಗ:
ನನಗೂ ಆಗಿತ್ತು. ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿದೆ, ಒಂದು ತಿಂಗಳು ಹಬ್ಬ. ಆಮೇಲೆ ಮೊದಲಿಗಿಂತ ಜಾಸ್ತಿ.

ಫಿಸಿಯೋ, ದಾವಣಗೆರೆ:
ಹೌದಕ್ಕ, ಬೇಗ ಇಳಿಯುತ್ತದೆ, ಆದರೆ ಒಂದು ವರ್ಷ ಕಳೆದು ನೋಡಿದರೆ ವ್ಯಾಯಾಮ ಮಾಡಿದವರೇ ಚೆನ್ನಾಗಿರುತ್ತಾರೆ. ಅಣ್ಣ, ಮುಂಗೈ ಮೇಜಿನ ಮೇಲಿಡಿ, ಹಸ್ತ ಅಂಚಿನಿಂದ ಹೊರಗಿರಲಿ, ಅಂಗೈ ಕೆಳಗೆ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಎಡಗೈ ಆಸರೆಯಿಂದ ಮಣಿಕಟ್ಟು ಎತ್ತಿ, ಎಡಗೈ ಬಿಟ್ಟು ನಿಧಾನಕ್ಕೆ ಇಳಿಸಿ. ಸ್ವಲ್ಪ ನೋವು ಇರಲಿ, ಹಲ್ಲು ಕಚ್ಚುವಷ್ಟು ಬೇಡ. ವಾರದ ಲೆಕ್ಕ ಅಲ್ಲ, ತಿಂಗಳುಗಳು ಬೇಕು.

ತೋಟದಮನೆ, ಹಿರಿಯೂರು:
ಬೆರಳು ಒತ್ತಿಸಿಕೊಂಡೆ, ಕಣ್ಣಲ್ಲಿ ನೀರು ಬಂತು. ಉಳಿದ ಗಿಡ ತಮ್ಮನಿಗೆ ಒಪ್ಪಿಸಿದೆ. ಅವನಿಗೂ ಇದೇ ಗತಿ ಆಗಬಾರದಲ್ಲ, ಏನು ಮಾಡಲಿ?

ಫಿಸಿಯೋ, ದಾವಣಗೆರೆ:
ಕತ್ತರಿ ಸಾಣೆ ಹಿಡಿಸಿ ಕೊಡಿ. ದಪ್ಪ ಕೊಂಬೆಗೆ ಗರಗಸ.