ಸಹಾಯ ಬೇಕು: ದನದ ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಹತ್ತಿರ ನಮ್ಮದು ಐದು ದನಗಳ ಹಟ್ಟಿ. ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ದನ ಗೌರಿ ನಾಲ್ಕನೇ ಕರು ಹಾಕಿದ ಮರುದಿನ ಏಳಲೇ ಇಲ್ಲ. ಕಿವಿ ತಣ್ಣಗಾಗಿತ್ತು, ಕುತ್ತಿಗೆ ಹೊಟ್ಟೆಯ ಕಡೆಗೆ ತಿರುಗಿತ್ತು. ಡಾಕ್ಟ್ರು ಬಂದು ಕ್ಯಾಲ್ಸಿಯಂ ಬಾಟಲಿ ಏರಿಸಿದ ಮೇಲೆ ಎದ್ದಳು. ಆದರೆ ಈಗಲೂ ಕುಂಟುತ್ತಾಳೆ. ಬಾಲ ಹಿಡಿದು ಒತ್ತಿದರೆ ಒಳಗಿನ ಮೂಳೆ ಮೆತ್ತಗಿದೆ, ಉಳಿದ ದನಗಳದ್ದು ಹಾಗಿಲ್ಲ.

ಕಾಲಿನ ಎಕ್ಸ್‌ರೇ ತೆಗೆಸಿದೆ, ಏನೂ ಕಾಣಲಿಲ್ಲ. ಮೂಳೆಯ ಖನಿಜ ಶೇ. 30ರಷ್ಟಾದರೂ ಕಳೆಯದೆ ಸಾದಾ ಎಕ್ಸ್‌ರೇಯಲ್ಲಿ ಗೊತ್ತಾಗುವುದು ಕಷ್ಟವಂತೆ. ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ, ಸುಮ್ನೆ ಕೂರುವ ವಿಷಯ ಅಲ್ಲ ಅಲ್ವಾ?

ಮನುಷ್ಯರ ಮೂಳೆಯ ಸಾಂದ್ರತೆ ಅಳೆಯಲು ಮಾಡುವ ಡೆಕ್ಸಾ ಸ್ಕ್ಯಾನ್ ಒಳ್ಳೆಯದೇ. ಆದರೆ ಆ ಮಂಚದ ಮೇಲೆ 400 ಕಿಲೋ ದನವನ್ನು ಮಲಗಿಸುವುದು ಹೇಗೆ? ಸಿಟಿ ಸ್ಕ್ಯಾನ್‌ನಲ್ಲಿ ಒಳಗಿನ ಜಾಲರಿ ಮೂಳೆ, ಹೊರಗಿನ ಗಟ್ಟಿ ಪದರ ಎರಡನ್ನೂ ಬೇರೆ ಬೇರೆ ಅಳೆಯಬಹುದು, ಆದರೆ ದನ ಅಲ್ಲಾಡಬಾರದು. ಹಟ್ಟಿಯಲ್ಲೇ ಆಗುವಂಥದ್ದು ಎರಡು. ಎಕ್ಸ್‌ರೇ ತೆಗೆಯುವಾಗ ಮೂಳೆಯ ಪಕ್ಕ ಮೆಟ್ಟಿಲಿನಂತೆ ಕತ್ತರಿಸಿದ ಅಲ್ಯೂಮಿನಿಯಂ ತುಂಡು ಇಟ್ಟು, ಎರಡರ ಬಿಳುಪು ಹೋಲಿಸುವುದು. ಇನ್ನೊಂದು, ಮೂಳೆಯಲ್ಲಿ ಶಬ್ದದ ಅಲೆ ಓಡುವ ವೇಗ ಅಳೆಯುವ ಅಲ್ಟ್ರಾಸೌಂಡ್. ಗಬ್ಬ ನೋಡುವ ಮಿಷನ್ ಇದಕ್ಕೆ ಆಗುವುದಿಲ್ಲ. ನನಗೆ ಅಲ್ಯೂಮಿನಿಯಂ ದಾರಿಯೇ ಸರಿ ಅನಿಸುತ್ತಿದೆ.

ಮಂಗಳೂರು, ಉಡುಪಿ ಕಡೆ ಇದನ್ನು ಮಾಡಿದ ಪಶುವೈದ್ಯರು ಇದ್ದೀರಾ? ಚಿತ್ರ ತೆಗೆಸುವುದು ಬಾಲದ ಮೂಳೆಯದ್ದೋ, ಮುಂಗಾಲಿನದ್ದೋ? ಎರಡು ತಿಂಗಳು ಬಿಟ್ಟು ಮತ್ತೆ ತೆಗೆಸಿದರೆ ವ್ಯತ್ಯಾಸ ಕಾಣುತ್ತದಾ? ದಯವಿಟ್ಟು ತಿಳಿಸಿ.