ವೈಫೈ ಫುಲ್ ಇದೆ, ನೆಟ್ ಮಾತ್ರ ಇಲ್ಲ: ಕೆಳಗಿನ ಮನೆ, ಮೇಲಿನ ಮನೆ, ಒಂದೇ ಕನೆಕ್ಷನ್

ಪ್ರಶ್ನೆ
ಕೆಳಗೆ ಓನರ್ ಮನೆ, ಮೇಲೆ ನಮ್ಮದು. ಒಂದೇ ಫೈಬರ್ ಕನೆಕ್ಷನ್, 200 ಎಂಬಿಪಿಎಸ್ ಪ್ಲಾನ್. ಫೈಬರ್ ಬಾಕ್ಸ್ ಕೆಳಗಿದೆ. ಅಲ್ಲಿಂದ 25 ಮೀಟರ್ ಲ್ಯಾನ್ ಕೇಬಲ್ ಎಳೆದು ಮೇಲೆ ಹಳೇ ರೂಟರ್‌ನ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನ ಜೋಡಿಸೋ ಪೋರ್ಟ್) ಹಾಕಿದ್ದೇವೆ. ಒಂದು ಫೋನಿಗೆ ನೆಟ್ ಬರುತ್ತೆ, ಇನ್ನೊಂದರಲ್ಲಿ ‘ಇಂಟರ್ನೆಟ್ ಇಲ್ಲ’. ನಮ್ಮ ರೂಟರ್ ಆನ್ ಇದ್ದಾಗ ಕೆಳಗಡೆ ಟಿವಿಯಲ್ಲೂ ಆಗಾಗ ನೆಟ್ ಹೋಗುತ್ತೆ. ಎರಡನ್ನೂ ರೀಸ್ಟಾರ್ಟ್ ಮಾಡಿ ಆಯ್ತು. ಕಂಪನಿಗೆ ಕಂಪ್ಲೇಂಟ್ ಕೊಡಬೇಕಾ?

ಉತ್ತರ 1
ಬೇಡ. ಕೆಳಗಡೆಯೂ ಹೋಗುತ್ತೆ ಅಂದ್ರಲ್ಲ, ಗುಟ್ಟು ಅಲ್ಲೇ ಇದೆ. ನಿಮ್ಮಲ್ಲಿ ಐಪಿ ವಿಳಾಸ (ನೆಟ್‌ವರ್ಕಲ್ಲಿ ಪ್ರತಿ ಸಾಧನಕ್ಕೂ ಸಿಗೋ ನಂಬರ್) ಹಂಚೋರು ಇಬ್ಬರಾಗಿದ್ದಾರೆ. ಫೋನ್ ವಿಳಾಸ ಕೇಳಿದಾಗ ಫೈಬರ್ ಬಾಕ್ಸೂ ಕೊಡುತ್ತೆ, ಹಳೇ ರೂಟರೂ ಕೊಡುತ್ತೆ. ಯಾರದು ಮೊದಲು ಬಂತೋ ಅದೇ ಗಟ್ಟಿ. ಹಳೇ ರೂಟರ್ ಗೆದ್ದರೆ ‘ಹೊರಗೆ ಹೋಗೋ ದಾರಿ ನಾನೇ’ ಅನ್ನುತ್ತೆ, ಆದರೆ ಅದರ ವ್ಯಾನ್ ಪೋರ್ಟ್ (ಹೊರಗಿನ ನೆಟ್ ಒಳಗೆ ಬರೋ ಪೋರ್ಟ್) ಖಾಲಿ. ರೀಸ್ಟಾರ್ಟ್ ಮಾಡಿದರೆ ಲಾಟರಿ ಮತ್ತೆ ಎತ್ತಿದಂಗೆ, ಅಷ್ಟೇ.

ಖಾತ್ರಿ ಮಾಡ್ಕೊಳ್ಳಿ: ನೆಟ್ ಬರದ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ (ಹೊರಗೆ ಹೋಗೋ ದಾರಿ) ಅಂತ ಇರೋ ವಿಳಾಸವನ್ನು, ಸಾಮಾನ್ಯವಾಗಿ 192.168.1.1, ಬ್ರೌಸರ್‌ನಲ್ಲಿ ತೆರೆಯಿರಿ. ಹಳೇ ರೂಟರ್‌ನ ಲಾಗಿನ್ ಪುಟ ಬಂದರೆ ಇದೇ ರೋಗ.

ಕೇಬಲ್ ಕಳಚಿ, ಲ್ಯಾಪ್‌ಟಾಪನ್ನು ಹಳೇ ರೂಟರ್‌ಗೆ ಮಾತ್ರ ಜೋಡಿಸಿ. ಮೊದಲು ಅದರ ಲ್ಯಾನ್ ಐಪಿಯನ್ನು 192.168.1.2 ಮಾಡಿ ಸೇವ್ ಮಾಡಿ (ಕೆಳಗಿನ ಬಾಕ್ಸ್ 192.168.1.1 ಆಗಿದ್ದರೆ). ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ (ಆ ವಿಳಾಸ ಹಂಚೋ ಕೆಲಸ) ಆಫ್ ಮಾಡಿ. ಇದೇ ಕ್ರಮ, ಡಿಎಚ್‌ಸಿಪಿ ಮೊದಲು ಆಫ್ ಮಾಡಿದರೆ ಲ್ಯಾಪ್‌ಟಾಪ್‌ಗೆ ವಿಳಾಸ ಸಿಗದೆ ಒಳಗೆ ಹೋಗೋಕೆ ಪರದಾಡ್ತೀರಿ. ಹಾಗಾದರೆ ಲ್ಯಾಪ್‌ಟಾಪ್‌ಗೆ ಕೈಯಾರೆ 192.168.1.50, ಮಾಸ್ಕ್ 255.255.255.0 ಹಾಕಿ. ಆಮೇಲೆ ಕೇಬಲ್ ಲ್ಯಾನ್‌ನಿಂದ ಲ್ಯಾನ್‌ಗೆ. ಕೆಳಗಿನ ಬಾಕ್ಸ್ ಹಂಚೋ ವಿಳಾಸಗಳು 192.168.1.10ರಿಂದ ಶುರುವಾಗೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಆ .2 ಯಾವುದೋ ಫೋನಿಗೆ ಹೋಗಿ ಮತ್ತೆ ಜಗಳ. ಕೊನೆಗೆ ಎಲ್ಲ ಫೋನಲ್ಲೂ ವೈಫೈ ಆಫ್ ಮಾಡಿ ಆನ್ ಮಾಡಿ.

ಉತ್ತರ 2
ಮೇಲಿನದು ಸರಿ, ಆದರೆ ಎರಡೂ ಮನೆ ಒಂದೇ ನೆಟ್‌ವರ್ಕ್ ಆಗುತ್ತೆ. ನಿಮ್ಮ ಪ್ರಿಂಟರ್ ಓನರ್ ಫೋನಿಗೂ ಕಾಣುತ್ತೆ. ಅದು ಬೇಡ ಅಂದ್ರೆ ಕೇಬಲ್ಲನ್ನು ಹಳೇ ರೂಟರ್‌ನ ವ್ಯಾನ್ ಪೋರ್ಟಿಗೆ ಹಾಕಿ, ಮೋಡ್ ಡೈನಾಮಿಕ್ ಐಪಿ (ಕೆಳಗಿನ ಬಾಕ್ಸಿಂದ ವಿಳಾಸ ತಾನೇ ತಗೊಳ್ಳುತ್ತೆ), ಲ್ಯಾನ್ ವಿಳಾಸ 192.168.2.1, ಡಿಎಚ್‌ಸಿಪಿ ಆನ್. ಒಂದು ಎಚ್ಚರ: ಈ ಗೋಡೆ ಒಂದೇ ಕಡೆಗೆ. ಕೆಳಗಿನವರು ನಿಮ್ಮ ಸಾಧನಗಳನ್ನು ಮುಟ್ಟೋಕಾಗಲ್ಲ, ನೀವು ಅವರದ್ದನ್ನು ಮುಟ್ಟಬಹುದು. ಓನರ್‌ಗೆ ಇದನ್ನು ಮುಂಚೆಯೇ ಹೇಳಿ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ನೆಟ್‌ನಿಂದ ಮನೆಯ ಸಾಧನಕ್ಕೆ ದಾರಿ ಬಿಡೋದು) ಬೇಕಾದರೆ ಎರಡೂ ಕಡೆ ಮಾಡಬೇಕು.

ಪ್ರಶ್ನೆ ಕೇಳಿದವರು
ಮೊದಲನೇ ದಾರಿ ಹಿಡಿದೆ, ಎಲ್ಲ ಫೋನಲ್ಲೂ ಬಂತು, ಕೆಳಗಡೆ ಟಿವಿಯೂ ಸರಿಯಾಯ್ತು. ಆದರೆ ಮೇಲೆ ಸ್ಪೀಡ್ 93-94 ದಾಟ್ತಾ ಇಲ್ಲ, ಕೆಳಗಡೆ 200 ಬರುತ್ತೆ.

ಉತ್ತರ 3
94 ಅಂದ್ರೆ ವೈಫೈ ತಪ್ಪಲ್ಲ. ಎಲ್ಲೋ ಒಂದು ಕಡೆ ಲಿಂಕ್ (ಕೇಬಲ್ಲಿನ ಎರಡು ತುದಿ ನಡುವಿನ ಸಂಪರ್ಕ) 100 ಎಂಬಿಪಿಎಸ್‌ಗೆ ನಿಂತಿದೆ. ಮೇಲೆ ಕೇಬಲ್ಲನ್ನು ರೂಟರ್‌ನಿಂದ ತೆಗೆದು ನೇರ ಲ್ಯಾಪ್‌ಟಾಪ್‌ಗೆ ಹಾಕಿ ಲಿಂಕ್ ಸ್ಪೀಡ್ ನೋಡಿ. 1000 ತೋರಿಸಿದರೆ ಹಳೇ ರೂಟರ್‌ನ ಪೋರ್ಟೇ 100ರದ್ದು. 100 ತೋರಿಸಿದರೆ ಮೊದಲು ಕೆಳಗಡೆ ಪೋರ್ಟ್ ಬದಲಿಸಿ ನೋಡಿ. ಎಷ್ಟೋ ಫೈಬರ್ ಬಾಕ್ಸ್‌ಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ (1000ದ್ದು).

ಅದೂ ಅಲ್ಲ ಅಂದ್ರೆ ಕನೆಕ್ಟರ್ ಹತ್ತಿರದಿಂದ ನೋಡಿ. 100ಕ್ಕೆ 1, 2, 3, 6ನೇ ಪಿನ್ ಸಾಕು, 1000ಕ್ಕೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕೂತಿಲ್ಲದಿದ್ದರೂ ನೆಟ್ ಬರುತ್ತೆ, ಸ್ಪೀಡ್ ಬರಲ್ಲ. ಕತ್ತರಿಸಿ ಎರಡೂ ತುದಿಗೆ ಒಂದೇ ಕ್ರಮದಲ್ಲಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿ (ಒತ್ತಿ ಕೂರಿಸೋದು): ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಕೇಬಲ್ ಕ್ಯಾಟ್ 5ಇ ದರ್ಜೆಯದಾಗಿದ್ದರೆ 25 ಮೀಟರ್ ಏನೂ ಅಲ್ಲ, 100 ಮೀಟರ್‌ವರೆಗೂ ನಡೆಯುತ್ತೆ.